ಸೂರೆಯ ಕೀರ್ತಿಯೂ ಊರಿನ ವೀರಗಲ್ಲೂ

ಶೌರ್ಯದ ಕೀರ್ತಿಯು ಖಡ್ಗದಿಂದಲೇ ಹುಟ್ಟುವುದೆಂಬುದು ಲೋಕದ ನಂಬುಗೆ. ಆದರೆ ಸೂರೆಯ ಯುದ್ಧಗಳ ಇತಿಹಾಸವನ್ನು ಪರಿಶೀಲಿಸಿದರೆ, ಆ ಕೀರ್ತಿಗೆ ಖಡ್ಗದಷ್ಟೇ ಲೇಖನಿಯೂ ಕಲ್ಲುಕುಟಿಗನ ಉಳಿಯೂ ಕಾರಣಗಳೆಂಬುದು ವ್ಯಕ್ತವಾಗುವುದು.

ಯುರೋಪ ಖಂಡದ ಉತ್ತರ ಭಾಗದ ವೈಕಿಂಗರು ಸೂರೆಗೆ ಪ್ರಸಿದ್ಧರಾದವರು. ಕ್ರಿ.ಶ. 793ರಲ್ಲಿ ಅವರು ಇಂಗ್ಲಂಡದ ಈಶಾನ್ಯ ತೀರದ ಲಿಂಡಿಸ್‌ಫಾರ್ನ್ ಎಂಬ ದ್ವೀಪದ ಮಠವನ್ನು ಸೂರೆಗೊಂಡರು. ಅವರ ಹಡಗುಗಳು ಆಳವಿಲ್ಲದ ನೀರಿನಲ್ಲಿಯೂ ಸಾಗುತ್ತಿದ್ದುದರಿಂದ ನದಿಗಳನ್ನೇರಿ ಒಳನಾಡನ್ನು ಹೊಗುವುದು ಅವರಿಗೆ ಸುಲಭವಾಗಿತ್ತು. 845ರಲ್ಲಿ ಪ್ಯಾರಿಸ್ ಪಟ್ಟಣವನ್ನೇ ಮುತ್ತಿ, 7000 ಪೌಂಡು ಬೆಳ್ಳಿಯನ್ನು ಪಡೆದು ಮರಳಿದರು. ಕಾವಲಿಲ್ಲದೆಡೆಯಲ್ಲಿ ಹಠಾತ್ತನೆ ಬೀಳುವುದು, ರಾಜಸೈನ್ಯವು ಕೂಡುವ ಮೊದಲೇ ಹಿಂದಿರುಗುವುದು, ಇದೇ ಅವರ ತಂತ್ರ. ಪೆಟ್ಟು ತಿಂದ ಮಠದವರು ಅವರನ್ನು ಕ್ರೂರಿಗಳೆಂದು ಬರೆದಿಟ್ಟರು. 13ನೆಯ ಶತಮಾನದ ಐಸ್‌ಲಂಡದ ಕಥನಕಾರರು ಅವರನ್ನೇ ವೀರರೆಂದು ಬಣ್ಣಿಸಿದರು.

ಈ ತಂತ್ರವು ಭಾರತೀಯರಿಗೂ ಅಪರಿಚಿತವಲ್ಲ. ವಿರಾಟಪರ್ವದಲ್ಲಿ ಸುಶರ್ಮನು ಮೊದಲು ಒಂದು ದಿಕ್ಕಿನಲ್ಲಿ ಗೋವುಗಳನ್ನು ಹಿಡಿದು ಮತ್ಸ್ಯರಾಜನ ಸೈನ್ಯವನ್ನು ತನ್ನತ್ತ ಸೆಳೆದನು. ಮಾರನೆಯ ದಿನ ಬರಿದಾದ ನಗರದ ಉತ್ತರದಲ್ಲಿ ಕೌರವರು ಬಂದು ತುರುಗಳನ್ನು ಅಡ್ಡಗಟ್ಟಿದರು. ಕನ್ನಡ ಶಾಸನಗಳಲ್ಲಿ ಇಂಥ ಕಾಳಗಕ್ಕೆ ತುರುಗೋಳ್ ಎಂದು ಹೆಸರು. ಗೋವು ನಡೆಯುವ ಸಂಪತ್ತು. ಹೊರುವ ಶ್ರಮವಿಲ್ಲದೆ ಹೊಡೆದುಕೊಂಡು ಹೋಗಲು ಬರುವುದು.

ದೊಡ್ಡ ಅರಸರ ದಂಡಯಾತ್ರೆಗಳಲ್ಲಿಯೂ ಇದೇ ಸೂರೆಯು ಹಿರಿದಾಗಿ ಕಾಣುವುದು. ಹಳೆಯ ಧಾರವಾಡ ಜಿಲ್ಲೆಗೆ ಸೇರಿದ್ದ ಹೊಟ್ಟೂರಿನ ಕ್ರಿ.ಶ. 1007ರ ಶಾಸನವು, ಚೋಳನು ಒಂಬತ್ತು ಲಕ್ಷ ದಂಡಿನೊಡನೆ ಬಂದು ನಾಡನ್ನೆಲ್ಲ ಸೂರೆಗೊಂಡು, ಸ್ತ್ರೀಯರನ್ನೂ ಶಿಶುಗಳನ್ನೂ ಬ್ರಾಹ್ಮಣರನ್ನೂ ಕೊಂದನೆಂದೂ, ಚಾಲುಕ್ಯ ಸತ್ಯಾಶ್ರಯನು ಅವನನ್ನು ಹಿಮ್ಮೆಟ್ಟಿಸಿದನೆಂದೂ ಹೇಳುತ್ತದೆ. ದಂಡಿನ ಸಂಖ್ಯೆಯಲ್ಲಿ ಅತಿಶಯೋಕ್ತಿಯಿದ್ದರೂ ನೋವು ಸುಳ್ಳಲ್ಲ. ಅತ್ತ ರಾಜರಾಜಚೋಳನ ತಮಿಳು ಪ್ರಶಸ್ತಿಗಳಲ್ಲಿ ಏಳೂವರೆ ಲಕ್ಷದ ರಟ್ಟಪಾಡಿಯನ್ನು ಗೆದ್ದುದು ಭೂಷಣಪ್ರಾಯವಾದ ಬಿರುದಾಗಿದೆ.

ಬೆಳ್ವೊಲ ಮುನ್ನೂರರ ರಾಜಧಾನಿಯಾಗಿದ್ದ ಅಣ್ಣಿಗೇರಿಯೂ ಈ ಬೆಂಕಿಯನ್ನು ಕಂಡಿತು. ಗಂಗಪೆರ್ಮಾಡಿಯು ಅಲ್ಲಿ ಕಟ್ಟಿಸಿದ್ದ ಜಿನಾಲಯವನ್ನು ಚೋಳನು ಸುಟ್ಟನೆಂದೂ, ಆಹವಮಲ್ಲ ಸೋಮೇಶ್ವರನೊಡನೆ ಕಾದಿ ಮಡಿದನೆಂದೂ, ಬಳಿಕ ಲಕ್ಷ್ಮರಸನು ಅದನ್ನು ಜೀರ್ಣೋದ್ಧಾರಗೊಳಿಸಿದನೆಂದೂ 1071-72ರ ಗಾವರವಾಡ ಶಾಸನದಿಂದ ತಿಳಿಯುವುದು. ಆದರೆ ಪಕ್ಷಪಾತವಿಲ್ಲದೆ ನೋಡಬೇಕಾದರೆ ಬಿಲ್ಹಣನನ್ನೂ ಮರೆಯಲಾಗದು. ಕಲ್ಯಾಣದ ಆಸ್ಥಾನದ ಆ ಕವಿಯು ವಿಕ್ರಮಾಂಕದೇವಚರಿತದಲ್ಲಿ ಚಾಲುಕ್ಯರು ಕಾಂಚಿಯನ್ನು ಸೂರೆಗೊಂಡುದನ್ನು ಹರ್ಷದಿಂದಲೇ ವರ್ಣಿಸಿದ್ದಾನೆ. ಅಣ್ಣಿಗೇರಿಯ ಕಣ್ಣೀರು ಕಾಂಚಿಯಲ್ಲಿಯೂ ಹರಿಯಿತಷ್ಟೆ!

ಪ್ರಶಸ್ತಿಯೂ ಅಲ್ಲದ, ಬರಿಯ ಆಕ್ರಂದನವೂ ಅಲ್ಲದ ಮೂರನೆಯ ಸಾಕ್ಷಿಯೊಂದುಂಟು. ಅದೇ ವೀರಗಲ್ಲು. ತುರುಗಳನ್ನು ಮರಳಿಸುವಲ್ಲಿ, ಊರಳಿವಿನಲ್ಲಿ, ಹೆಂಗಳೆಯರ ಮಾನರಕ್ಷಣೆಯಲ್ಲಿ ಮಡಿದವನಿಗಾಗಿ ಊರವರೂ ಬಂಧುಗಳೂ ಅದನ್ನು ನಿಲ್ಲಿಸುತ್ತಿದ್ದರು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ, ತುದಿಯಲ್ಲಿ ಸೂರ್ಯಚಂದ್ರರು. ಉಳಿದವರ ನಿರ್ವಾಹಕ್ಕೆ ನೆತ್ತರುಗೊಡಗೆಯೆಂದು ಭೂಮಿಯನ್ನು ಬಿಡುವ ವಾಡಿಕೆಯೂ ಇದ್ದಿತು. ಅರಸನ ಆಜ್ಞೆಯಿಂದ ಸೂರೆಗೆ ಹೋಗಿ ಸತ್ತವರಿಗೂ ಕಲ್ಲುಗಳುಂಟು. ಆದರೆ ಹಳ್ಳಿಯು ಹೆಚ್ಚಾಗಿ ನೆನೆದುದು ಕಾಯ್ದವನನ್ನು. ಗೆದ್ದವನನ್ನಲ್ಲ, ದನಗಳನ್ನು ಮನೆಗೆ ಹೊಡೆದು ತಾನು ಮನೆಗೆ ಬಾರದವನನ್ನು.

ಈ ಸೀಮೆಯ ಹಳ್ಳಿಗಳಲ್ಲಿ ಇಂಥ ಕಲ್ಲುಗಳು ಅಗಸೆಯ ಬಳಿಯಲ್ಲಿಯೂ ಕೆರೆಯ ಏರಿಯಲ್ಲಿಯೂ ಹನುಮಂತದೇವರ ಗುಡಿಯ ಮುಂದೆಯೂ ನಿಂತಿವೆ. ಕೆಲವು ಬಟ್ಟೆ ಒಗೆಯುವ ಬಂಡೆಗಳಾಗಿವೆ, ಕೆಲವು ಗೋಡೆಯ ಪಾಯದಲ್ಲಿ ಮರೆಯಾಗಿವೆ. ಅರಸರ ಪ್ರಶಸ್ತಿಗಳನ್ನು ಕವಿಗಳು ಕಾವ್ಯಗಳಲ್ಲಿ ಕಾಯ್ದಿಟ್ಟಿದ್ದಾರೆ. ಗೌಡನ ಆಳಿಗೋ ತುರುಕಾಯುವವನಿಗೋ ಅಂಥ ಕವಿಯಿಲ್ಲ. ಅವನ ಚರಿತ್ರೆಗೆ ಆ ಒಂದು ಕಲ್ಲೇ ಆಧಾರ. ಅದನ್ನು ಎತ್ತಿ ನಿಲ್ಲಿಸಿ, ಸುಣ್ಣ ಬಳಿಯದೆ, ಅಕ್ಷರಗಳಿದ್ದರೆ ಬಲ್ಲವರಿಂದ ಓದಿಸುವುದು ಊರೂರ ವಿದ್ಯಾವಂತರ ಕರ್ತವ್ಯವಾಗಿದೆ.