ಬಿಟ್ಟುಕೊಡಿ ಎಂಬ ಅರ್ಜಿ

ಹೆಸರಾಂತ ಫುಟ್‌ಬಾಲ್ ಆಟಗಾರನೊಬ್ಬ ಸೀಸನ್ ನಡೆಯುತ್ತಿರುವಾಗಲೇ 'ನನ್ನನ್ನು ಬೇರೆ ಕ್ಲಬ್ಬಿಗೆ ಬಿಟ್ಟುಕೊಡಿ' ಎಂದು ಕೇಳಿದನೆಂದರೆ ಇಂಗ್ಲೆಂಡಿನಲ್ಲಿ ಮರುದಿನದಿಂದಲೇ ಅವನು ಉಂಡ ಮನೆಗೆ ಎರಡು ಬಗೆದವನಾಗುತ್ತಾನೆ. 2010ರ ಅಕ್ಟೋಬರಿನಲ್ಲಿ ವೇಯ್ನ್ ರೂನಿ ಮ್ಯಾಂಚೆಸ್ಟರ್ ಯುನೈಟೆಡ್ ಬಿಡುವ ಇಚ್ಛೆ ಹೊರಗೆಡಹಿದಾಗ ಹಾಗಾಯಿತು, ಎರಡೇ ತಿಂಗಳ ನಂತರ ಮ್ಯಾಂಚೆಸ್ಟರ್ ಸಿಟಿಯ ನಾಯಕ ಕಾರ್ಲೊಸ್ ತೆವೆಸ್ ಲಿಖಿತ ಅರ್ಜಿ ಕೊಟ್ಟಾಗಲೂ ಹಾಗೇ ಆಯಿತು. ಹಣದ ಸೊಕ್ಕು, ಏಜೆಂಟರ ಚಿತಾವಣೆ, ಹಿಂದಿನವರಲ್ಲಿದ್ದ ನಿಷ್ಠೆ ಇಂದಿನವರಲ್ಲಿಲ್ಲ ಎಂಬ ದೂರುಗಳು ಸಾಲುಗಟ್ಟುತ್ತವೆ. ಆ ಹಿಂದಿನವರ ನಿಷ್ಠೆಯ ಕಡತವನ್ನೇ ಬಿಚ್ಚಿ ನೋಡಿದರೆ ಕಥೆ ಬೇರೆ. ಸುಮಾರು ಎಪ್ಪತ್ತು ವರ್ಷ ಇಂಗ್ಲಿಷ್ ಆಟಗಾರ ಕ್ಲಬ್ ಬಿಡದೆ ಉಳಿದದ್ದು ಬಹುಪಾಲು ಬಿಡಲು ದಾರಿ ಇಲ್ಲದ್ದಕ್ಕೆ. ಒಪ್ಪಂದ ಮುಗಿದರೂ ಬಿಡುಗಡೆ ಇಲ್ಲ ಎಂಬ ನಿಯಮವನ್ನು ಕ್ಲಬ್ಬುಗಳೇ ಕೂಡಿ ಮಾಡಿಕೊಂಡಿದ್ದವು. ಸೀಸನ್ ಮುಗಿಯುವುದಕ್ಕೆ ಕಾದರೂ ಆಟಗಾರನಿಗೆ ಬರುವುದೇನೂ ಇರಲಿಲ್ಲ. ಕೇಳಿಕೊಳ್ಳುವುದೊಂದೇ ದಾರಿ, ಮತ್ತು ಕ್ಲಬ್ಬಿಗೆ ಅವನ ಗರಜು ಇರುವಾಗ ಕೇಳಿದರಷ್ಟೇ ಆ ಮಾತಿಗೆ ತೂಕ. ನಡು ಸೀಸನ್ನಿನ ಅರ್ಜಿಯನ್ನು ಆಟಗಾರರಿಗೆ ಕಲಿಸಿದವರು ಕ್ಲಬ್ಬಿನ ಯಜಮಾನರೇ ಎಂಬುದು ನನ್ನ ವಾದ.

ಸಂಬಳಕ್ಕೆ ಆಡುವುದು ಇಂಗ್ಲೆಂಡಿನಲ್ಲಿ ಕಾನೂನುಬದ್ಧವಾದದ್ದು 1885ರಲ್ಲಿ. ಮೂರು ವರ್ಷಕ್ಕೆ, 1888ರಲ್ಲಿ, ಹನ್ನೆರಡು ಕ್ಲಬ್ಬುಗಳು ಸೇರಿ ಫುಟ್‌ಬಾಲ್ ಲೀಗ್ ಕಟ್ಟಿದವು. ಒಬ್ಬರ ಆಟಗಾರನನ್ನು ಇನ್ನೊಬ್ಬರು ಎಳೆದುಕೊಳ್ಳುವ ಪೈಪೋಟಿ ಆಗಲೇ ಜೋರಾಗಿತ್ತು. ಅದಕ್ಕೆ ಮದ್ದೆಂದು 1893ರಲ್ಲಿ ಬಂದ ಏರ್ಪಾಡು ಬಹಳ ಸರಳ. ಆಟಗಾರನ ನೋಂದಣಿ ಒಂದು ಕ್ಲಬ್ಬಿನ ಕೈಯಲ್ಲಿರುತ್ತದೆ. ಆ ಕ್ಲಬ್ ಒಪ್ಪದೆ ಅವನು ಲೀಗಿನ ಬೇರಾವ ಕ್ಲಬ್ಬಿಗೂ ಆಡುವಂತಿಲ್ಲ. ಕರಾರು ಒಂದು ವರ್ಷದ್ದು, ಜೂನ್ 30ಕ್ಕೆ ಮುಗಿಯುವಂಥದ್ದು. ಪ್ರತಿ ಬೇಸಿಗೆಗೂ ಕ್ಲಬ್ ಎರಡು ಪಟ್ಟಿ ಮಾಡುತ್ತಿತ್ತು: ಉಳಿಸಿಕೊಳ್ಳುವವರದು ಒಂದು, ಮಾರುವವರದು ಒಂದು. ಉಳಿಸಿಕೊಳ್ಳುವ ಪಟ್ಟಿಯಲ್ಲಿ ಹೆಸರು ಬಿದ್ದವನು ಹೊಸ ಕರಾರಿಗೆ ಸಹಿ ಹಾಕದಿದ್ದರೆ ಸಂಬಳ ನಿಲ್ಲುತ್ತಿತ್ತು, ನೋಂದಣಿ ಮಾತ್ರ ಕ್ಲಬ್ಬಿನಲ್ಲೇ ಉಳಿಯುತ್ತಿತ್ತು. ಅಂದರೆ ಜುಲೈ ಒಂದರಂದು ಅವನು ಯಾರ ನೌಕರನೂ ಅಲ್ಲ, ಆದರೂ ಇನ್ನೊಬ್ಬರಲ್ಲಿ ನೌಕರಿಗೆ ಸೇರುವಂತಿಲ್ಲ. 1901ರಲ್ಲಿ ಇದರ ಮೇಲೆ ವಾರಕ್ಕೆ 4 ಪೌಂಡಿನ ಗರಿಷ್ಠ ಸಂಬಳದ ಮಿತಿಯೂ ಬಂದು ಕೂತಿತು.

ನಡು ಸೀಸನ್ನಿನಲ್ಲಿ ತಂಡ ಬಿಡುವುದು ಅಷ್ಟು ದೊಡ್ಡ ಪಾಪವಾಗಿದ್ದರೆ ಕ್ಲಬ್ಬುಗಳು ಅದರಿಂದ ದೂರವಿರಬೇಕಿತ್ತು. 1905ರ ಫೆಬ್ರವರಿಯಲ್ಲಿ ಮಿಡ್ಲ್ಸ್‌ಬರೊ ಕ್ಲಬ್ ಕೆಳದರ್ಜೆಗೆ ಇಳಿಯುವ ಅಂಚಿನಲ್ಲಿತ್ತು. ನೆರೆಯ ಸಂಡರ್ಲ್ಯಾಂಡಿನಿಂದ ಆಲ್ಫ್ ಕಾಮನ್ ಎಂಬ ಗೋಲುಗಾರನನ್ನು 1,000 ಪೌಂಡ್ ಕೊಟ್ಟು ತಂದಿತು. ಜಗತ್ತಿನಲ್ಲಿ ಒಬ್ಬ ಆಟಗಾರನಿಗೆ ಅಷ್ಟು ಮೊತ್ತ ಕೊಟ್ಟದ್ದು ಅದೇ ಮೊದಲು; ಪತ್ರಿಕೆಗಳು ಹೌಹಾರಿದವು. ಕಾಮನ್ ತನ್ನ ಮೊದಲ ಪಂದ್ಯದಲ್ಲೇ, ತನ್ನ ಹಳೆಯ ತಂಡ ಶೆಫೀಲ್ಡ್ ಯುನೈಟೆಡ್ ಎದುರು, ಪೆನಾಲ್ಟಿ ಹೊಡೆದು ಗೆಲ್ಲಿಸಿದ. ಪರಊರಿನಲ್ಲಿ ಮಿಡ್ಲ್ಸ್‌ಬರೊಗೆ ಸುಮಾರು ಎರಡು ವರ್ಷದಲ್ಲಿ ಸಿಕ್ಕ ಮೊದಲ ಗೆಲುವದು. ತಂಡ ಮೇಲ್ದರ್ಜೆಯಲ್ಲೇ ಉಳಿಯಿತು. ಸಾವಿರ ಪೌಂಡ್ ಸಂಡರ್ಲ್ಯಾಂಡಿನ ಖಾತೆಗೆ ಹೋಯಿತು, ಸಹಿ ಹಾಕಿದ್ದಕ್ಕೆ ಕಾಮನ್‌ಗೆ ನಿಯಮದ ಪ್ರಕಾರ ಸಿಗಬಹುದಾಗಿದ್ದದ್ದು 10 ಪೌಂಡ್. ಇಂಥ ಮಾರಾಟಕ್ಕೆ ಮುಂದೆ ಮಾರ್ಚ್ ತಿಂಗಳ ಗಡುವೊಂದು ಬಂತಾದರೂ ಆಗಸ್ಟಿನಿಂದ ಅಲ್ಲಿಯವರೆಗೆ ಯಾವ ದಿನ ಬೇಕಾದರೂ ಆಟಗಾರನನ್ನು ಕೈಬದಲಿಸಬಹುದಿತ್ತು. ಸೀಸನ್ನಿನ ನಡುವೆ ಸಹ ಆಟಗಾರರನ್ನು ಬಿಟ್ಟು ಹೋಗುವುದು ಕ್ಲಬ್ಬಿನ ಮಾತಿನಂತೆ ನಡೆದರೆ ವ್ಯಾಪಾರ, ಆಟಗಾರನ ಮಾತಿನಂತೆ ನಡೆದರೆ ದ್ರೋಹ. ಈ ಎರಡು ಅಳತೆಗೋಲು ಹುಟ್ಟಿದ್ದು ಆ ಕಾಲದಲ್ಲೇ. ನ್ಯಾಯಾಲಯಕ್ಕೆ ಹೋದವರೂ ಗೆಲ್ಲಲಿಲ್ಲ. ಆಸ್ಟನ್ ವಿಲ್ಲಾ ಬಿಟ್ಟು ಬೇರೆ ಲೀಗಿನಲ್ಲಿ ಆಡುತ್ತಿದ್ದ ಕಿಂಗಬಿ ಎಂಬಾತನ ಮೇಲೆ ಹಳೆಯ ಕ್ಲಬ್ ವರ್ಷಗಳ ನಂತರವೂ 350 ಪೌಂಡಿನ ಬೆಲೆ ಕಟ್ಟಿ ದಾರಿ ಮುಚ್ಚಿತ್ತು. 1912ರಲ್ಲಿ ಅವನ ದಾವೆ ವಜಾ ಆಯಿತು, ಖರ್ಚು ಹೊತ್ತಿದ್ದ ಆಟಗಾರರ ಸಂಘ ದಿವಾಳಿಯ ಅಂಚಿಗೆ ಬಂತು. ಅವನ ವಕೀಲರು ನಿಯಮ ಅನ್ಯಾಯವೆಂದು ವಾದಿಸುವ ಬದಲು ಕ್ಲಬ್ಬಿನ ದುರುದ್ದೇಶವನ್ನು ಸಾಬೀತು ಮಾಡಲು ಹೊರಟದ್ದು ಮುಳುವಾಯಿತು. ಅದಾದ ಮೇಲೆ ಅರ್ಧ ಶತಮಾನ ಯಾರೂ ಆ ಬಾಗಿಲು ತಟ್ಟಲಿಲ್ಲ.

ಹಾಗೆಂದು ಎಲ್ಲರೂ ತೆಪ್ಪಗಿರಲಿಲ್ಲ. ಎರಡನೇ ಮಹಾಯುದ್ಧದ ನಂತರ ಮೈದಾನಗಳು ಕಿಕ್ಕಿರಿಯುತ್ತಿದ್ದವು, ಸಂಬಳದ ಮಿತಿ ಮಾತ್ರ ತೆವಳುತ್ತಿತ್ತು. ಇಂಗ್ಲೆಂಡ್ ತಂಡದ ವಿಲ್ಫ್ ಮ್ಯಾನಿಯನ್ 1948ರಲ್ಲಿ ಮಿಡ್ಲ್ಸ್‌ಬರೊಗೆ ಸಹಿ ಹಾಕಲು ನಿರಾಕರಿಸಿ ಮನೆಯಲ್ಲಿ ಕೂತ. ಕ್ಲಬ್ 25,000 ಪೌಂಡ್ ಕೇಳಿತು, ಕೊಳ್ಳಬೇಕೆಂದಿದ್ದ ಓಲ್ಡಮ್‌ಗೆ ಅಷ್ಟು ಶಕ್ತಿಯಿಲ್ಲ, ಕೆಲವು ತಿಂಗಳಲ್ಲಿ ಕೈ ಬರಿದಾಗಿ ಮ್ಯಾನಿಯನ್ ಹಳೆಯ ತಂಡಕ್ಕೇ ಮರಳಿದ. 1952ರಲ್ಲಿ ಇಟಲಿಯ ಪಲೆರ್ಮೊ ಕ್ಲಬ್ ಟಾಮ್ ಫಿನ್ನಿಗೆ ಸಹಿಗೇ 10,000 ಪೌಂಡ್ ಕೊಡಲು ಮುಂದೆ ಬಂದಾಗ ಪ್ರೆಸ್ಟನ್‌ನ ಅಧ್ಯಕ್ಷರು ಸಾಫ್ ಇಲ್ಲವೆಂದರು. ಪ್ರೆಸ್ಟನ್‌ಗಾಗಿಯೇ ಆಡಿ ನಿವೃತ್ತನಾದ ಫಿನ್ನಿಯನ್ನು ಇವತ್ತಿಗೂ ನಿಷ್ಠೆಯ ಮೂರ್ತಿ ಎಂದು ಹೊಗಳುತ್ತಾರೆ. ಹೊಗಳುವವರು ಪಲೆರ್ಮೊ ಪ್ರಸಂಗವನ್ನೂ ಒಟ್ಟಿಗೆ ಹೇಳಿದರೆ ಒಳ್ಳೆಯದು. 1950ರಲ್ಲಿ ನೀಲ್ ಫ್ರ್ಯಾಂಕ್ಲಿನ್, ಚಾರ್ಲಿ ಮಿಟನ್ ಮುಂತಾದ ಕೆಲವರು ಕೊಲಂಬಿಯಾದ ಬೊಗೊಟಾಕ್ಕೇ ಹಾರಿದರು. ಅಲ್ಲಿನ ಲೀಗ್ ಆಗ ಫಿಫಾದ ಹಿಡಿತದ ಹೊರಗಿತ್ತು, ಹಾಗಾಗಿ ಇಂಗ್ಲಿಷ್ ನೋಂದಣಿಗೆ ಅಲ್ಲಿ ಕಿಮ್ಮತ್ತಿಲ್ಲ. ಹಿಂದಿರುಗಿದವರಿಗೆ ನಿಷೇಧ ಕಾದಿತ್ತು. ಮಿಟನ್‌ಗೆ ಆರು ತಿಂಗಳ ಅಮಾನತು, 250 ಪೌಂಡ್ ದಂಡ.

ಈ ಮಿಟನ್ ಮುಂದೆ ನ್ಯೂಕಾಸಲ್ ಯುನೈಟೆಡ್‌ನ ಮ್ಯಾನೇಜರ್ ಆಗಿದ್ದಾಗಲೇ ಅಲ್ಲಿ ಜಾರ್ಜ್ ಈಸ್ಟಮ್‌ನ ಜಗಳ ಶುರುವಾದದ್ದು ಇತಿಹಾಸದ ಕುಚೋದ್ಯ. ಈಸ್ಟಮ್ ಬ್ಲ್ಯಾಕ್‌ಪೂಲ್‌ನವನು, ಅಪ್ಪನೂ ಇಂಗ್ಲೆಂಡಿಗೆ ಆಡಿದವನೇ. ಉತ್ತರ ಐರ್ಲೆಂಡಿನ ಆರ್ಡ್ಸ್ ಕ್ಲಬ್ಬಿನಿಂದ 1956ರಲ್ಲಿ ನ್ಯೂಕಾಸಲ್‌ಗೆ ಬಂದ. ಅವನ ದೂರುಗಳು ಕ್ರಾಂತಿಕಾರಿಯವಲ್ಲ, ಸಂಸಾರಿಯವು: ಕ್ಲಬ್ ಕೊಟ್ಟ ಮನೆ ವಾಸಕ್ಕೆ ಯೋಗ್ಯವಲ್ಲ, ಆಟದ ಜೊತೆಗೆಂದು ಕೊಡಿಸಿದ ಕೆಲಸ ಸರಿಯಿಲ್ಲ, ಇಂಗ್ಲೆಂಡಿನ 23 ವರ್ಷದೊಳಗಿನವರ ತಂಡಕ್ಕೆ ಆಡಲು ಅಡ್ಡಿ. 1959-60ರ ಸೀಸನ್ ನಡೆಯುತ್ತಿರುವಾಗಲೇ ಬಿಟ್ಟುಕೊಡಿ ಎಂದು ಕೇಳಿದ. ಆಗಲ್ಲ ಎಂಬ ಉತ್ತರ ಬಂತು. ಜೂನ್ 30ಕ್ಕೆ ಕರಾರು ಮುಗಿಯಿತು. ಮತ್ತೆ ಸಹಿ ಹಾಕಲಿಲ್ಲ. ಸಂಬಳ ನಿಂತಿತು. ಆಗ ಅವನು ದೇಶದ ತುತ್ತತುದಿಯಿಂದ ದಕ್ಷಿಣಕ್ಕೆ ಬಂದು, ಸರ್ರೆಯಲ್ಲಿ ಎರ್ನಿ ಕ್ಲೇ ಎಂಬ ಗೆಳೆಯನ ವ್ಯವಹಾರದಲ್ಲಿ ಬೂಚು ಮಾರುವ ಕೆಲಸಕ್ಕೆ ಸೇರಿಕೊಂಡ. ಇಂಗ್ಲೆಂಡಿನ ಅತಿ ನಯಗಾರ ಇನ್‌ಸೈಡ್ ಫಾರ್ವರ್ಡುಗಳಲ್ಲಿ ಒಬ್ಬ ಬೂಚು ಮಾರುತ್ತಿದ್ದ, ಅವನ ತಂಡ ಅವನಿಲ್ಲದೆ ಸೋಲುತ್ತಿತ್ತು. ಅಕ್ಟೋಬರಿನಲ್ಲಿ ಅವನು ದಾವೆ ಹೂಡಿದ; 1960ರ ನವೆಂಬರಿನಲ್ಲಿ ನ್ಯೂಕಾಸಲ್ ಮಣಿದು 47,500 ಪೌಂಡಿಗೆ ಆರ್ಸೆನಲ್‌ಗೆ ಮಾರಿತು. ಬೇಸಿಗೆಯಲ್ಲಿ ಬಿಲ್‌ಕುಲ್ ಆಗದ ಮಾರಾಟ ನಡು ಸೀಸನ್ನಿನಲ್ಲಿ ಹೇಗಾಯಿತು? ಜೂನ್‌ನಲ್ಲಿ ಆಟಗಾರ ಕೂತರೆ ಕ್ಲಬ್ಬಿಗೆ ನಷ್ಟವಿಲ್ಲ, ಸಂಬಳ ಉಳಿತಾಯವಷ್ಟೇ. ನವೆಂಬರಿನಲ್ಲಿ ಪ್ರತಿ ಶನಿವಾರವೂ ನಷ್ಟ. ಆ ಸೀಸನ್ ಮುಗಿದಾಗ ನ್ಯೂಕಾಸಲ್ ಎರಡನೇ ದರ್ಜೆಗೆ ಇಳಿದಿತ್ತು.

ಬೇಕಾದ ಕ್ಲಬ್ ಸಿಕ್ಕ ಮೇಲೂ ಈಸ್ಟಮ್ ದಾವೆ ಬಿಡಲಿಲ್ಲ. ಜಿಮ್ಮಿ ಹಿಲ್ ಮತ್ತು ಕಾರ್ಯದರ್ಶಿ ಕ್ಲಿಫ್ ಲಾಯ್ಡ್ ನಡೆಸುತ್ತಿದ್ದ ಆಟಗಾರರ ಸಂಘ ಬೆನ್ನಿಗೆ ನಿಂತಿತು. ಮುಷ್ಕರದ ಬೆದರಿಕೆಗೆ 1961ರ ಜನವರಿಯಲ್ಲಿ, ಅದೂ ನಡು ಸೀಸನ್ನಿನಲ್ಲೇ, ಗರಿಷ್ಠ ಸಂಬಳದ ಮಿತಿ ಬಿತ್ತು. ಆಗ ಅದು ವಾರಕ್ಕೆ 20 ಪೌಂಡ್. ದಾವೆಯ ತೀರ್ಪು 1963ರ ಜುಲೈ 4ರಂದು ಬಂತು. ಕೊಟ್ಟವರು ನ್ಯಾಯಮೂರ್ತಿ ರಿಚರ್ಡ್ ವಿಲ್ಬರ್‌ಫೋರ್ಸ್, ಹುಟ್ಟಿದ್ದು ನಮ್ಮ ಜಲಂಧರದಲ್ಲಿ, ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸ್‌ನ ವಂಶದಲ್ಲಿ. ಆಟಗಾರರು ತಮ್ಮ ಸ್ಥಿತಿಯನ್ನು ಗುಲಾಮಗಿರಿ ಎಂದು ಕರೆಯುತ್ತಿದ್ದದ್ದರಿಂದ ಈ ಹೆಸರು ಪತ್ರಿಕೆಗಳಿಗೆ ಹಬ್ಬವಾಗಿತ್ತು. ನನಗೆ ಆ ಮಾತು ಅತಿ ಎನಿಸುತ್ತದೆ. ಬೂಚು ಮಾರಲು ಹೋಗುವ ಸ್ವಾತಂತ್ರ್ಯ ಯಾವ ಗುಲಾಮನಿಗೂ ಇರಲಿಲ್ಲ. ನ್ಯಾಯಮೂರ್ತಿಗಳೂ ಅಲ್ಲಿಗೆ ಹೋಗಲಿಲ್ಲ. ಮಾಲೀಕರೆಲ್ಲ ಒಗ್ಗಟ್ಟಾಗಿ ತಮಗಾಗಿ ಕಟ್ಟಿಕೊಂಡ ವ್ಯವಸ್ಥೆಯಿದು, ಕರಾರು ಮುಗಿದವನನ್ನೂ ಹೀಗೆ ಹಿಡಿದಿಡುವುದು ವೃತ್ತಿಗೆ ಒಡ್ಡಿದ ಅಸಮಂಜಸ ತಡೆ ಎಂದು ತೀರ್ಮಾನಿಸಿದರು. ಈಸ್ಟಮ್ ಕೇಳಿದ್ದ ಬಾಕಿ ಸಂಬಳ ಮಾತ್ರ ಕೊಡಿಸಲಿಲ್ಲ. ಗೆದ್ದ ದಾವೆಯಿಂದ ಅವನ ಜೇಬಿಗೆ ಬಂದದ್ದು ಏನೂ ಇಲ್ಲ.

ಕ್ಲಬ್ಬುಗಳ ಪರವಾಗಿ ಅಂದೂ ಇಂದೂ ಕೇಳಿಬರುವ ಗಟ್ಟಿ ಆಕ್ಷೇಪವೊಂದಿದೆ. ಆಟಗಾರನಿಗೆ ಬೇಕಾದಾಗ ಬಿಡುವ ಹಕ್ಕು ಸಿಕ್ಕರೆ ಸಿರಿವಂತ ಕ್ಲಬ್ಬುಗಳೇ ಎಲ್ಲರನ್ನೂ ಬಾಚಿಕೊಳ್ಳುತ್ತವೆ, ಸಣ್ಣ ಊರುಗಳ ಕ್ಲಬ್ ಸಾಯುತ್ತದೆ ಎಂಬುದು. ಇದನ್ನು ತಳ್ಳಿಹಾಕುವಂತಿಲ್ಲ, ಬೆಳೆಸಿದ ಹುಡುಗನನ್ನು ಮಾರಿದ ಹಣದಲ್ಲೇ ಎಷ್ಟೋ ಸಣ್ಣ ಕ್ಲಬ್ಬುಗಳು ವಿದ್ಯುತ್ ಬಿಲ್ ಕಟ್ಟಿವೆ. ಆದರೆ ಹಳೆಯ ನಿಯಮ ನಿಜಕ್ಕೂ ಸಿರಿವಂತರನ್ನು ತಡೆದಿತ್ತೇ? 1928ರಲ್ಲಿ ಡೇವಿಡ್ ಜ್ಯಾಕ್‌ನನ್ನು ಬೋಲ್ಟನ್‌ನಿಂದ 10,000 ಪೌಂಡಿಗೂ ಮಿಕ್ಕಿದ ಬೆಲೆಗೆ ಕೊಂಡ ಆರ್ಸೆನಲ್ 1930ರ ದಶಕದಲ್ಲಿ ಐದು ಸಲ ಲೀಗ್ ಗೆದ್ದಿತು. ಹಣವುಳ್ಳವರು ಕೊಳ್ಳುತ್ತಲೇ ಇದ್ದರು, ಆ ಹಣದಲ್ಲಿ ಆಟಗಾರನಿಗೆ ಪಾಲಿರಲಿಲ್ಲ, ಅಷ್ಟೆ. ಸಂಬಳದ ಮಿತಿ ಹೋದ ಮರುವರ್ಷವೇ, 1962ರಲ್ಲಿ, ಆಗತಾನೇ ಮೇಲ್ದರ್ಜೆಗೆ ಬಂದಿದ್ದ ಇಪ್ಸ್‌ವಿಚ್ ಲೀಗ್ ಗೆದ್ದಿತು. 1972ರಲ್ಲಿ ಡರ್ಬಿ, 1978ರಲ್ಲಿ ನಾಟಿಂಗಮ್ ಫಾರೆಸ್ಟ್. ಈಗ ಕೆಲವೇ ಕ್ಲಬ್ಬುಗಳು ಪ್ರಶಸ್ತಿಗಳನ್ನು ಹಂಚಿಕೊಳ್ಳುತ್ತಿರುವುದು ನಿಜ, ಆಟಗಾರರ ಸ್ವಾತಂತ್ರ್ಯಕ್ಕೆ ಅದರಲ್ಲಿ ಪಾಲಿಲ್ಲ ಎಂದು ನಾನು ಹೇಳಲಾರೆ. ಟೆಲಿವಿಷನ್ ಹಣ ಮತ್ತು ಚಾಂಪಿಯನ್ಸ್ ಲೀಗಿನ ಪಾಲು ಅದಕ್ಕಿಂತ ದೊಡ್ಡದು, ಆ ಎರಡೂ ಆಟಗಾರರು ಕೇಳಿ ಪಡೆದವಲ್ಲ.

ಇನ್ನೊಂದು ಆಕ್ಷೇಪ ಇಂದಿನವರ ಬಗ್ಗೆ. ಈಸ್ಟಮ್‌ನ ಕರಾರು ಮುಗಿದಿತ್ತು. ಐದು ವರ್ಷಕ್ಕೆ ಸಹಿ ಹಾಕಿ, ವಾರಕ್ಕೆ ಲಕ್ಷಾಂತರ ಪೌಂಡ್ ಎಣಿಸುವವನು ಎರಡನೇ ವರ್ಷದಲ್ಲೇ ಬಿಡಿ ಎಂದರೆ ಮಾತಿಗೆ ಬೆಲೆಯೇನು? ಈ ಪ್ರಶ್ನೆಗೆ ಅರ್ಧ ಸಮ್ಮತಿ ನನ್ನದೂ ಇದೆ. ಉಳಿದರ್ಧಕ್ಕೆ, ಆ ಉದ್ದದ ಕರಾರುಗಳು ಯಾಕೆ ಬಂದವು ಎಂದು ನೋಡಬೇಕು. ಬೆಲ್ಜಿಯಂನ ಜಾನ್-ಮಾರ್ಕ್ ಬೋಸ್ಮನ್ ಪ್ರಕರಣದಲ್ಲಿ 1995ರ ಡಿಸೆಂಬರ್ 15ರಂದು ಯುರೋಪಿಯನ್ ನ್ಯಾಯಾಲಯ ಕೊಟ್ಟ ತೀರ್ಪಿನ ನಂತರ, ಕರಾರು ಮುಗಿದವನು ಯುರೋಪಿಯನ್ ಒಕ್ಕೂಟದೊಳಗೆ ಬೇರೆ ದೇಶದ ಕ್ಲಬ್ಬಿಗೆ ಹೋದರೆ ಹಳೆಯ ಕ್ಲಬ್ಬಿಗೆ ಬಿಡಿಗಾಸೂ ಇಲ್ಲ. ಹಾಗಾಗಿ ಕ್ಲಬ್ಬುಗಳೇ ವರ್ಷಗಳನ್ನು ಉದ್ದ ಮಾಡಿದವು, ಮಾರುವ ಹಕ್ಕು ಕೈಬಿಡದಿರಲೆಂದು. ಸಾಮಾನ್ಯ ನೌಕರ ನೋಟಿಸ್ ಕೊಟ್ಟು ಕೆಲಸ ಬಿಡಬಲ್ಲ. ಫುಟ್‌ಬಾಲಿಗ ಹಾಗೆ ಮಾಡಿದರೆ ಪರಿಹಾರ ಕಟ್ಟಬೇಕು, ಕರಾರಿನ ಮೊದಲ ವರ್ಷಗಳಲ್ಲಾದರೆ ಆಡದಂತೆ ನಿಷೇಧವೂ ಬೀಳಬಹುದು. ಸಕಾರಣವಿಲ್ಲದೆ ಸೀಸನ್ನಿನ ನಡುವೆ ಯಾವ ಕಡೆಯವರೂ ಏಕಪಕ್ಷೀಯವಾಗಿ ಕರಾರು ಮುರಿಯುವಂತಿಲ್ಲ ಎಂದು ಫಿಫಾದ ನಿಯಮಾವಳಿಯೇ ಹೇಳುತ್ತದೆ. ಮುರಿಯುವಂತಿಲ್ಲ, ಆದರೆ ಮಾರಬಹುದು. ಹಾಗಿರುವಾಗ ಆಟಗಾರನ ಕೈಯಲ್ಲಿ ಉಳಿಯುವುದು ಅದೇ ಹಳೆಯ ಅರ್ಜಿ. ರೂನಿಯ ಪ್ರಸಂಗ ಇದಕ್ಕೆ ಸಾಕ್ಷಿ. 2010ರಲ್ಲಿ ಅವನ ಕರಾರಿಗೆ ಎರಡು ವರ್ಷಕ್ಕೂ ಕಡಿಮೆ ಉಳಿದಿತ್ತು, ದಿನ ಕಳೆದಂತೆ ಕ್ಲಬ್ಬಿಗೆ ಬರಬಹುದಾದ ಬೆಲೆ ಇಳಿಯುತ್ತಿತ್ತು. ಗಾಳಿ ಬಂದಾಗ ಅವನು ತೂರಿಕೊಂಡ. ಹೇಳಿಕೆ ಕೊಟ್ಟ ಎರಡೇ ದಿನಕ್ಕೆ ಅದೇ ಕ್ಲಬ್ ಐದು ವರ್ಷದ ಹೊಸ ಕರಾರು ಬರೆದುಕೊಟ್ಟಿತು. ಇದನ್ನು ಚೌಕಾಶಿ ಎನ್ನಿ, ನಾನು ಒಪ್ಪುತ್ತೇನೆ. ಚೌಕಾಶಿಯಲ್ಲಿ ಎರಡು ಕಡೆ ಇರುತ್ತವೆ.

2002-03ರಿಂದ ವರ್ಗಾವಣೆಗೆ ಬೇಸಿಗೆಯಲ್ಲಿ ಒಂದು, ಜನವರಿಯಲ್ಲಿ ಒಂದು ಎಂದು ಅವಧಿ ಗೊತ್ತಾದ ಮೇಲೆ ಈ ಎಲ್ಲ ಒತ್ತಡ ಕೆಲವೇ ವಾರಗಳಿಗೆ ಬಂದು ಜಮಾಯಿಸಿದೆ. ಜೊತೆಗೆ ಅರ್ಜಿಗೆ ಇನ್ನೊಂದು ಉಪಯೋಗವೂ ಹುಟ್ಟಿಕೊಂಡಿದೆ. ಇಂಗ್ಲೆಂಡಿನಲ್ಲಿ ಆಟಗಾರ ತಾನೇ ಲಿಖಿತವಾಗಿ ಕೇಳಿ ಹೊರಟರೆ ಸಹಿಯ ಹಣದ ಉಳಿದ ಕಂತುಗಳು ಸಾಮಾನ್ಯವಾಗಿ ಅವನ ಕೈತಪ್ಪುತ್ತವೆ. ಜನರೆದುರು ತಪ್ಪೂ ಅವನ ತಲೆಗೇ. 2011ರ ಜನವರಿ 31ರಂದು, ತಾನೇ ಅರ್ಜಿ ಕೊಟ್ಟಿದ್ದ ಫರ್ನಾಂಡೊ ಟೊರೆಸ್‌ನನ್ನು ಲಿವರ್‌ಪೂಲ್ 5 ಕೋಟಿ ಪೌಂಡಿಗೆ ಚೆಲ್ಸಿಗೆ ಮಾರಿ, ಅದೇ ದಿನ ನ್ಯೂಕಾಸಲ್‌ನಿಂದ ಆ ಸೀಮೆಯದೇ ಹುಡುಗ ಆಂಡಿ ಕ್ಯಾರಲ್‌ನನ್ನು 3.5 ಕೋಟಿಗೆ ಕೊಂಡಿತು. ಕ್ಯಾರಲ್ ತಾನಾಗಿಯೇ ಲಿಖಿತ ಅರ್ಜಿ ಕೊಟ್ಟನೆಂದು ನ್ಯೂಕಾಸಲ್ ಪ್ರಕಟಿಸಿತು. ಹೋಗುವ ಮನಸ್ಸು ನನಗಿರಲಿಲ್ಲ, ಅರ್ಜಿ ಕೊಡುವ ಸ್ಥಿತಿಗೆ ಕ್ಲಬ್ಬೇ ನನ್ನನ್ನು ತಂದಿತು ಎಂಬುದು ಕ್ಯಾರಲ್ ಪತ್ರಕರ್ತರಿಗೆ ಹೇಳಿದ್ದರ ಸಾರ. ಇಬ್ಬರಲ್ಲಿ ಯಾರ ಮಾತು ನಿಜವಾದರೂ, ಆ ಕಾಗದ ಒಂದು ಇದ್ದದ್ದು ಕ್ಲಬ್ಬಿಗೆ ಅನುಕೂಲವೇ ಆಯಿತು.