22ನೇ ಬಾಗಿಲಿನ ಕಥೆ

ಹಳೇ ಲ್ಯಾಪ್‌ಟಾಪನ್ನೇ ಮನೇಲಿ ಸರ್ವರ್ ಮಾಡಿಟ್ಟು, ಬೇರೆ ಊರಲ್ಲಿ ಕೂತು ಅದರೊಳಗೆ ಹೋಗಿ ಕೆಲಸ ಮಾಡೋರು ನಿಮ್ಮಲ್ಲೂ ಇರಬಹುದು. ಹಾಗೆ ಹೋಗುವ ಬಾಗಿಲಿನ ಹೆಸರು ಎಸ್‌ಎಸ್‌ಎಚ್. ಇದು ಹುಟ್ಟಿದ್ದೇ ಒಂದು ಕಳ್ಳತನದಿಂದ.

1995, ಫಿನ್ಲೆಂಡ್. ಆಗ ದೂರದ ಕಂಪ್ಯೂಟರಿಗೆ ಲಾಗಿನ್ ಆಗೋಕೆ ಟೆಲ್ನೆಟ್ ಬಳಸುತ್ತಿದ್ದರು. ಅದರಲ್ಲಿ ಪಾಸ್‌ವರ್ಡ್ ಪೋಸ್ಟ್‌ಕಾರ್ಡಿನ ಮೇಲೆ ಬರೆದ ಗುಟ್ಟಿನ ಹಾಗೆ, ಮುಚ್ಚುಮರೆಯಿಲ್ಲದೆ ಹೋಗುತ್ತಿತ್ತು. ಹೆಲ್ಸಿಂಕಿ ತಂತ್ರಜ್ಞಾನ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಕದ್ದು ಕೂತು ಸಾವಿರಾರು ಪಾಸ್‌ವರ್ಡ್ ಬಾಚಿಕೊಂಡರು.

ಅಲ್ಲಿನ ಸಂಶೋಧಕ ತಾತು ಯ್ಲೋನೆನ್ ಬರೀ ದೂರು ಕೊಟ್ಟು ಸುಮ್ಮನಾಗಲಿಲ್ಲ. ಕೆಲವೇ ತಿಂಗಳಲ್ಲಿ, ದಾರಿಯುದ್ದಕ್ಕೂ ಮಾತನ್ನು ಗೂಢಲಿಪಿಯಾಗಿಸುವ ಪ್ರೋಗ್ರಾಂ ಬರೆದು ಜುಲೈನಲ್ಲಿ ಉಚಿತವಾಗಿ ಹಂಚಿದರು. ಎಫ್‌ಟಿಪಿಯದ್ದು 21ನೇ ಪೋರ್ಟ್, ಟೆಲ್ನೆಟ್‌ದು 23. ನಡುವಿನ 22 ಖಾಲಿ ಇತ್ತು. ಇಮೇಲ್ ಬರೆದು ಕೇಳಿದರು, ಕೊಟ್ಟೇಬಿಟ್ಟರು! ವರ್ಷ ಮುಗಿಯೋ ಹೊತ್ತಿಗೆ 50 ದೇಶಗಳಲ್ಲಿ ಸುಮಾರು 20,000 ಜನ ಅದನ್ನ ಬಳಸುತ್ತಿದ್ದರು.

ಮುಂದೆ ಅವರು ಕಂಪನಿ ಕಟ್ಟಿದರು, ಲೈಸೆನ್ಸ್ ಬಿಗಿಯಾಯಿತು. 1999ರಲ್ಲಿ ಓಪನ್‌ಬಿಎಸ್‌ಡಿ ತಂಡ ಹಳೆಯ ಮುಕ್ತ ಆವೃತ್ತಿಯಿಂದ ಓಪನ್‌ಎಸ್‌ಎಸ್‌ಎಚ್ ಬೆಳೆಸಿತು. ನಿಮ್ಮ ಲಿನಕ್ಸ್ ಸರ್ವರ್‌ನಲ್ಲಿ ಇರೋದು ಬಹುತೇಕ ಅದೇ.

ಹಾಗಂತ ಕಥೆ ಮುಗೀಲಿಲ್ಲ. 2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್ ಮನೆಮನೆಯ ಕ್ಯಾಮೆರಾ, ರೌಟರ್‌ಗಳಿಗೆ ನುಗ್ಗಿತು. ಹೇಗೆ? ಅದೇ ಹಳೇ ಟೆಲ್ನೆಟ್ ಬಾಗಿಲಿನಿಂದ, ಫ್ಯಾಕ್ಟರಿಯವರು ಇಟ್ಟಿದ್ದ, ಯಾರೂ ಬದಲಿಸದ ಪಾಸ್‌ವರ್ಡ್‌ಗಳನ್ನ ಒಂದೊಂದಾಗಿ ಹಾಕಿ ನೋಡಿ. ಆ ಸಾಧನಗಳ ದಂಡು ಅಕ್ಟೋಬರ್‌ನಲ್ಲಿ ಡಿನ್ ಕಂಪನಿಯ ಮೇಲೆ ಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಕೂಡ ಗಂಟೆಗಟ್ಟಲೆ ತಡವರಿಸಿದವು.

ಎಸ್‌ಎಸ್‌ಎಚ್ ದಾರಿಯಲ್ಲಿ ಕದಿಯೋದನ್ನ ತಡೆಯುತ್ತೆ, ನಿಜ. ಆದರೆ ಪಾಸ್‌ವರ್ಡೇ ಸುಲಭವಾಗಿದ್ದರೆ ಕಳ್ಳ ದಾರೀಲಿ ಕಾಯೋದೇ ಬೇಡ, ಬಾಗಿಲಲ್ಲೇ ನಿಂತು ಊಹಿಸ್ತಾನೆ. ಅದಕ್ಕೇ ಕೀ-ಜೋಡಿ ಮಾಡ್ಕೊಳ್ಳಿ: ಗುಟ್ಟಿನ ಕೀ ನಿಮ್ಮ ಹತ್ತಿರ, ಸಾರ್ವಜನಿಕ ಕೀ ಸರ್ವರ್‌ನಲ್ಲಿ. ಅದರಿಂದ ಲಾಗಿನ್ ಆಗ್ತಿದೆ ಅಂತ ಖಾತ್ರಿಯಾದ ಮೇಲೆ ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ. ಅಪ್‌ಡೇಟ್ ತಪ್ಪಿಸಬೇಡಿ. ಸಾಧ್ಯವಾದರೆ ರೌಟರ್‌ನಲ್ಲಿ 22ನ್ನ ತೆರೆಯೋದೇ ಬೇಡ, ವೈರ್‌ಗಾರ್ಡ್‌ನಂಥ ವಿಪಿಎನ್ ಮೂಲಕ ಹೋಗಿ.

ಬೀಗ ಫಿನ್ಲೆಂಡಿನಿಂದ ಪುಕ್ಕಟೆ ಬಂತು. ಹಾಕೋ ಕೆಲಸ ಮಾತ್ರ ನಮ್ಮದು. ಮತ್ತೆ ಸಿಗೋಣ.