ರೇಷನ್ ಅಕ್ಕಿ ಸುಟ್ಟರೆ ಕಪ್ಪಾಗುತ್ತದೆ: ಹಾಗಾದರೆ ಅದು ಪ್ಲಾಸ್ಟಿಕ್ಕೇ?

ಈ ವಿಡಿಯೋ ನಿಮ್ಮ ಗುಂಪಿಗೂ ಬಂದಿರಬಹುದು. ರೇಷನ್ ಅಕ್ಕಿಯನ್ನು ನೀರಿಗೆ ಹಾಕುತ್ತಾರೆ, ಕೆಲವು ಕಾಳು ತೇಲುತ್ತವೆ. ಅವನ್ನು ಬೆಂಕಿಗೆ ಹಿಡಿದರೆ ಕಪ್ಪಾಗುತ್ತವೆ. ಕೊನೆಗೆ ಅನ್ನದ ಉಂಡೆ ಕಟ್ಟಿ ನೆಲಕ್ಕೆ ಎಸೆದರೆ ಚೆಂಡಿನಂತೆ ಪುಟಿಯುತ್ತದೆ. ‘ಪ್ಲಾಸ್ಟಿಕ್ ಅಕ್ಕಿ, ಎಲ್ಲರಿಗೂ ಕಳಿಸಿ’ ಎಂಬ ಸಾಲು ಕೆಳಗೆ. 2017ರಲ್ಲಿ ಹೈದರಾಬಾದ್ ಸೇರಿದಂತೆ ದಕ್ಷಿಣದ ಹಲವೆಡೆ ಹಬ್ಬಿದ್ದ ಸುದ್ದಿ ಇದು. ಈಗಲೂ ಬಿಟ್ಟು ಬಿಟ್ಟು ಬರುತ್ತದೆ.

ಅದು ಪ್ಲಾಸ್ಟಿಕ್ ಅಲ್ಲ. ಆ ವಿಡಿಯೋದಲ್ಲಿ ಪುರಾವೆ ಎಂದು ತೋರಿಸುವ ಕಪ್ಪೇ ಅದಕ್ಕೆ ಉತ್ತರ ಹೇಳುತ್ತದೆ. ಹೇಗೆ ಎಂದು ತಿಳಿಯಲು ಶಾಲೆಯಲ್ಲಿ ಓದಿದ ಒಂದು ಪಾಠ ನೆನಪಿಸಿಕೊಳ್ಳಬೇಕು.

ವಸ್ತುವಿನ ಆಕಾರ, ಗಾತ್ರ ಅಥವಾ ಸ್ಥಿತಿ ಬದಲಾಗಿ ವಸ್ತು ಮಾತ್ರ ಅದೇ ಉಳಿದರೆ ಅದು ಭೌತಿಕ ಬದಲಾವಣೆ. ಹಳೆಯ ವಸ್ತು ಹೋಗಿ ಹೊಸದು ಹುಟ್ಟಿದರೆ ರಾಸಾಯನಿಕ ಬದಲಾವಣೆ. ತುಪ್ಪ ಕರಗಿ ಮತ್ತೆ ಗಟ್ಟಿಯಾಗುವುದು ಮೊದಲನೆಯದು, ಹಾಲು ಮೊಸರಾಗುವುದು ಎರಡನೆಯದು. ಕಣ್ಣಿಗೆ ಎಷ್ಟು ಬದಲಾದಂತೆ ಕಂಡಿತು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ನಾಗರ ಪಂಚಮಿಗೆ ಗದಗ ಕಡೆಯ ಮನೆಗಳಲ್ಲಿ ಜೋಳದ ಅರಳು ಹುರಿಯುತ್ತಾರಲ್ಲ, ಅದನ್ನೇ ನೋಡಿ. ಕಾಳಿನೊಳಗಿನ ನೀರು ಆವಿಯಾಗಿ ಸಿಪ್ಪೆ ಸಿಡಿಯುತ್ತದೆ, ಪಿಷ್ಟ ಉಬ್ಬಿ ಹೂವಾಗುತ್ತದೆ. ಗುರುತೇ ಸಿಗದಷ್ಟು ಬದಲಾದರೂ ಬಹುಪಾಲು ಅದು ಜೋಳದ ಪಿಷ್ಟವೇ. ಆದರೆ ಹಂಚಿನ ಮೇಲಿನ ರೊಟ್ಟಿಗೆ ಬೀಳುವ ಸಣ್ಣ ಕಂದು ಚುಕ್ಕೆ ಹೊಸ ವಸ್ತು. ಅದು ಮತ್ತೆ ಹಿಟ್ಟಾಗುವುದಿಲ್ಲ.

ಈಗ ಬೆಂಕಿಯ ಪರೀಕ್ಷೆಗೆ ಬರೋಣ. ಚೀಲಗಳಿಗೆ ಬಳಸುವ ಪಾಲಿಥೀನ್ ಬಿಸಿಗೆ ಮೊದಲು ಮೆತ್ತಗಾಗಿ ಕರಗುತ್ತದೆ. ಸುಮಾರು 110ರಿಂದ 130 ಡಿಗ್ರಿ ಸೆಲ್ಸಿಯಸ್ ಸಾಕು. ಎಳೆದರೆ ನೂಲು ಬರುತ್ತದೆ, ಆರಿದರೆ ಮತ್ತೆ ಪ್ಲಾಸ್ಟಿಕ್ಕೇ. ಅಕ್ಕಿ ಕರಗುವುದಿಲ್ಲ. ಕಂದಾಗಿ, ಹೊಗೆಯಾಡಿ, ಸೀದ ರೊಟ್ಟಿಯ ವಾಸನೆ ಬಿಟ್ಟು ಇದ್ದಿಲಾಗುತ್ತದೆ. ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಕರಗದೆ ಹೀಗೆ ಕರಿಯಾಯಿತು ಎಂದರೆ ಅದು ಧಾನ್ಯ. ನೇರ ಜ್ವಾಲೆಗೆ ಹಿಡಿದರೆ ಮಾತ್ರ ಎರಡೂ ಹೊತ್ತಿಕೊಂಡು ಹೊಗೆ ಬಿಡುತ್ತವೆ, ವಿಡಿಯೋ ಗೊಂದಲ ಹುಟ್ಟಿಸುವುದು ಅಲ್ಲೇ. ನೋಡಲೇಬೇಕು ಎನಿಸಿದರೆ ನಾಲ್ಕು ಕಾಳನ್ನು ಹಳೆಯ ಸೌಟಿನಲ್ಲಿಟ್ಟು ಕಾಯಿಸಿ. ಹೋಲಿಕೆಗೆಂದು ಪ್ಲಾಸ್ಟಿಕ್ ಕಾಯಿಸಬೇಡಿ, ಅದರ ಹೊಗೆ ಒಳ್ಳೆಯದಲ್ಲ.

ಉಂಡೆ ಪುಟಿಯುವುದಕ್ಕೆ ಕಾರಣ ಪಿಷ್ಟವೇ. ಬೇಯುವಾಗ ಅದು ನೀರು ಹೀರಿ ಉಬ್ಬಿ ಅಂಟಾಗುತ್ತದೆ, ಹಿಚುಕಿದರೆ ರಬ್ಬರಿನಂತೆ ವರ್ತಿಸುತ್ತದೆ. ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿದಾಗ ಜಿಗಿ ಬರುವುದೂ ಇದರಿಂದಲೇ. (ಅಡುಗೆ ಬೇಯುವುದು ರಾಸಾಯನಿಕ ಬದಲಾವಣೆ ಎಂದು ಪಠ್ಯಗಳು ಹೇಳುತ್ತವೆ. ಅನ್ನದ ಮಟ್ಟಿಗೆ ಈ ಗೆರೆ ಅಷ್ಟು ಸ್ಪಷ್ಟವಿಲ್ಲ ಎಂಬುದು ನಮ್ಮ ಅನಿಸಿಕೆ.)

ಹಾಗಾದರೆ ತೇಲುವ, ಸ್ವಲ್ಪ ಬೇರೆ ಬಣ್ಣದ ಆ ಕಾಳುಗಳು ಯಾವುವು? ಹುಳು ತಿಂದ ಅಕ್ಕಿಯೂ ತೇಲುತ್ತದೆ. ಆದರೆ ರೇಷನ್ ಅಕ್ಕಿಯಲ್ಲಿ ಅವು ಸಾರವರ್ಧಿತ ಕಾಳುಗಳಾಗಿರಬಹುದು. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ ಮತ್ತು ವಿಟಮಿನ್ ಬಿ12 ಸೇರಿಸಿ, ಯಂತ್ರದಲ್ಲಿ ಒತ್ತಿ ಅಕ್ಕಿಯ ಆಕಾರ ಕೊಡುತ್ತಾರೆ. 100 ಕಾಳಿಗೆ 1ರ ಲೆಕ್ಕದಲ್ಲಿ ಬೆರೆಸುತ್ತಾರೆ. ಒಳಗೆ ಗಾಳಿ ಉಳಿದವು ತೇಲುತ್ತವೆ. ಸರ್ಕಾರಿ ಯೋಜನೆಗಳ ಅಕ್ಕಿಯನ್ನು 2024ರೊಳಗೆ ಹೀಗೆ ಮಾಡುವುದಾಗಿ ಪ್ರಧಾನಿ 2021ರ ಆಗಸ್ಟ್ 15ರಂದು ಘೋಷಿಸಿದ್ದರು. ಸಾರವರ್ಧಿತ ಅಕ್ಕಿಯ ಚೀಲದ ಮೇಲೆ ‘+ಎಫ್’ ಗುರುತು ಇರುತ್ತದೆ.

ವಿಡಿಯೋ ನಂಬಿ ಈ ಕಾಳುಗಳನ್ನು ಆರಿಸಿ ಎಸೆದರೆ ಹೋಗುವುದು ಕಬ್ಬಿಣಾಂಶ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆ ಇತ್ತು. ಮನೆಯಲ್ಲಿ ಥಲಸ್ಸೀಮಿಯಾ ಇರುವವರಿದ್ದರೆ ಮಾತ್ರ ಈ ಅಕ್ಕಿಯ ಬಗ್ಗೆ ವೈದ್ಯರನ್ನು ಕೇಳಿ.

ಅನುಮಾನ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಅಕ್ಕಿ ಕೊಟ್ಟವರನ್ನು ಕೇಳಬಹುದು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಇಂದು ರಾಜ್ಯದ ಎಷ್ಟೋ ನ್ಯಾಯಬೆಲೆ ಅಂಗಡಿಗಳನ್ನು ನಡೆಸುತ್ತಿರುವುದು ಅಂಥ ಸಂಘಗಳೇ. ಅಲ್ಲಿ ಚೀಲ ತೋರಿಸಿ ಎಂದು ಕೇಳಿ, ಗುರುತು ನೋಡಿ. ಕಲ್ಲು, ಹುಳು, ಮುಗ್ಗಲು ವಾಸನೆ ಇದ್ದರೆ ಅದು ನಿಜವಾದ ದೂರು. ಅಕ್ಕಿಯ ಮಾದರಿಯೊಂದಿಗೆ ಆಹಾರ ಇಲಾಖೆಯ ತಾಲ್ಲೂಕು ಕಚೇರಿಗೆ ಬರೆದು ಕೊಡಿ.